ಹಿತ್ತಲಲ್ಲೊಂದು ಶವರ್: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಮನೆಯ ಹೊರಗೆ ಶವರ್ ಹಾಕಿಸುವ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಯಾವ ಶವರ್ ಕೊಳ್ಳಬೇಕು, ಎಷ್ಟು ದೊಡ್ಡದು ಬೇಕು ಅಂತ ಹೆಚ್ಚಿನವರು ಕೇಳಿದ್ದಾರೆ. ನಾನು ಎಲ್ಲರನ್ನೂ ಮೊದಲು ಕೇಳುವುದು ಬೇರೆ: ಮಿಂದ ನೀರು ಎಲ್ಲಿಗೆ ಹೋಗುತ್ತದೆ? ಅದೊಂದು ತೀರ್ಮಾನ ಆಗದೆ ಪ್ಲಂಬರನ್ನು ಕರೆಸಬೇಡಿ.

ಪ್ರ: ನಮ್ಮ ಮನೆ ಮಲ್ಪೆಯ ಹತ್ತಿರ. ಮಕ್ಕಳು, ರಜೆಗೆ ಬರುವ ನೆಂಟರು ಎಲ್ಲರೂ ಸಮುದ್ರದಿಂದ ಮರಳು ಮೆತ್ತಿಕೊಂಡೇ ಒಳಗೆ ಬರುತ್ತಾರೆ. ಬಾತ್‌ರೂಮಿನ ನೀರು ಹೋಗುವ ಪೈಪು ಮರಳಿನಿಂದ ಕಟ್ಟಿಕೊಳ್ಳುತ್ತಿದೆ. ಬಾವಿಕಟ್ಟೆಯ ಪಕ್ಕ ತೆಂಗಿನ ಮರದಡಿ ನೆರಳಿರುವ ಜಾಗ ಇದೆ. ಅಲ್ಲೇ ಶವರ್ ಹಾಕಿಸಬಹುದಾ?
ಓದುಗರು, ಉಡುಪಿ ಜಿಲ್ಲೆ

ಉ: ಶವರ್ ಖಂಡಿತ ಹಾಕಿಸಿ, ಆದರೆ ಆ ಜಾಗದಲ್ಲಿ ಬೇಡ. ಬಾವಿಯ ಪಕ್ಕ ಸೋಪಿನ ನೀರು ಇಂಗಿದರೆ ಅದು ನಿಮ್ಮ ಕುಡಿಯುವ ನೀರಿಗೇ ಸೇರುತ್ತದೆ. ಕರಾವಳಿಯ ಮರಳು ಮಣ್ಣಾಗಲಿ ಮುರಕಲ್ಲಾಗಲಿ ನೀರನ್ನು ತಡೆದು ಸೋಸುವುದು ಕಡಿಮೆ, ಸಂದಿಯಲ್ಲಿ ಬೇಗ ಇಳಿದುಬಿಡುತ್ತದೆ. ಬಾವಿಯಿಂದ ಕನಿಷ್ಠ 50 ಅಡಿ ದೂರ ಇರಲಿ, ಜಾಗ ಇದ್ದರೆ ಇನ್ನೂ ದೂರ. ನೆಲ ಬಾವಿಯ ಕಡೆಗೆ ಇಳಿಜಾರಾಗಿದ್ದರೆ ಬೇರೆ ದಿಕ್ಕನ್ನೇ ಹುಡುಕಿ. ಇನ್ನು ತೆಂಗಿನ ಮರದಡಿ ನೆರಳೇನೋ ಚೆನ್ನಾಗಿರುತ್ತದೆ, ಆದರೆ ಮೇಲಿಂದ ಕಾಯಿ ಬೀಳುತ್ತದೆ, ಒಣಗಿದ ಮಡಲು ಬೀಳುತ್ತದೆ. ತಲೆಗೆ ಸೋಪು ಹಚ್ಚಿ ಕಣ್ಣು ಮುಚ್ಚಿ ನಿಂತಿರುವ ಮಗು ಮೇಲೆ ನೋಡುತ್ತದಾ? ಮಕ್ಕಳು ನಿಲ್ಲುವ ಜಾಗ ತೆಂಗಿನ ಗರಿಗಳ ಹರವಿನಿಂದ ಆಚೆಗೇ ಇರಬೇಕು.

ಮಿಂದ ನೀರನ್ನು ಮಾತ್ರ ತೆಂಗಿನ ಬುಡಕ್ಕೇ ಪೈಪಿನಲ್ಲಿ ಕಳಿಸಿ, ಆದರೆ ಬಾವಿಕಟ್ಟೆಯ ಪಕ್ಕದ ಮರಕ್ಕಲ್ಲ, ಬಾವಿಯಿಂದ ಅಷ್ಟೇ ದೂರ ಇರುವ ಬೇರೆ ಮರಕ್ಕೆ. ಸಮುದ್ರದಿಂದ ಬಂದವರ ಮೈಯಲ್ಲಿ ಉಪ್ಪು ಇರುತ್ತದೆ, ತೆಂಗು ಅದನ್ನು ತಾಳಿಕೊಳ್ಳುತ್ತದೆ. ಬಾಳೆ ತಾಳುವುದಿಲ್ಲ, ಎಲೆಯ ಅಂಚು ಸುಟ್ಟಂತೆ ಆಗುತ್ತದೆ. ನಮ್ಮ ಕಡೆ ಬಚ್ಚಲ ನೀರು ಎಂದರೆ ಬಾಳೆಗೆ, ಕೆಸುವಿಗೆ ಅಂತ ರೂಢಿ. ಬರೀ ಸೋಪಿನ ಸ್ನಾನಕ್ಕೆ ಆ ರೂಢಿ ಸರಿಯೇ, ಉಪ್ಪುನೀರು ತೊಳೆಯುವ ಜಾಗಕ್ಕೆ ಬೇಡ.

ಮರಳಿಗೆ ಉಪಾಯ ಇದೆ. ಶವರಿನ ನೆಲದಿಂದ ನೀರು ಹೊರಬೀಳುವಲ್ಲಿ ಒಂದೂವರೆ ಅಡಿ ಅಗಲ, ಅಷ್ಟೇ ಉದ್ದದ ಒಂದು ಸಣ್ಣ ಚೇಂಬರ್ ಕಟ್ಟಿಸಿ. ಮುಂದಕ್ಕೆ ಹೋಗುವ ಪೈಪನ್ನು ಅದರ ತಳದಿಂದ ಆರು ಇಂಚು ಮೇಲೆ ಇಡಿಸಿ. ಮರಳು ತಳದಲ್ಲಿ ಕೂರುತ್ತದೆ, ನೀರು ಮೇಲಿಂದ ದಾಟುತ್ತದೆ. ಆಗಾಗ ಮುಚ್ಚಳ ಎತ್ತಿ ಮರಳು ಬಾಚಿ ತೆಗೆದರೆ ಆಯಿತು. ತಳದಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ, ಹಾಗಾಗಿ ಮುಚ್ಚಳ ಸಂದಿಲ್ಲದೆ ಕೂರಬೇಕು. ಇಲ್ಲದಿದ್ದರೆ ಅದು ಸೊಳ್ಳೆಯ ತೊಟ್ಟಿಲಾಗುತ್ತದೆ. ಸೊಳ್ಳೆ ಮೊಟ್ಟೆಯಿಟ್ಟು ಹೊಸ ಸೊಳ್ಳೆ ಹಾರಲು ನಮ್ಮ ಸೆಕೆಗೆ ಒಂದೂವರೆ ವಾರವೂ ಬೇಡ. ಡೆಂಗಿ, ಮಲೇರಿಯಾ ಎರಡನ್ನೂ ಕಂಡ ಊರುಗಳು ನಮ್ಮವು, ಇದನ್ನು ಸುಮ್ನೆ ಬಿಡಬೇಡಿ.

ನೆಲಕ್ಕೆ ನಾಲ್ಕಡಿಗೆ ನಾಲ್ಕಡಿ ಸಾಕು. ಅಡಿಗೆ ಕಾಲು ಇಂಚಿನಂತೆ ವಾಟ ಕೊಡಲು ಮೇಸ್ತ್ರಿಗೆ ಹೇಳಿ, ಕಲ್ಲು ಹಾಸಿದ ಮೇಲೆ ಒಂದು ಬಕೆಟ್ ನೀರು ಸುರಿದು ಎಲ್ಲೂ ನಿಲ್ಲುವುದಿಲ್ಲ ಅಂತ ನೋಡಿಯೇ ಕೂಲಿ ಕೊಡಿ. ನುಣುಪು ಟೈಲ್ಸ್ ಬೇಡವೇ ಬೇಡ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗಿನ ನೆಲವೆಲ್ಲ ಪಾಚಿ ಕಟ್ಟುತ್ತದೆ, ನುಣುಪಾದ ನೆಲದಲ್ಲಿ ಜಾರಿ ಬಿದ್ದರೆ ಸೊಂಟದ ಮೂಳೆಗೇ ಪೆಟ್ಟು. ಬೆಂಕಿಯಲ್ಲಿ ಸುಟ್ಟು ಒರಟು ಮಾಡಿದ ಗ್ರಾನೈಟ್ ಸಿಗುತ್ತದೆ, ಅದು ಒಳ್ಳೆಯದು. ಆದರೂ ಮಳೆಗಾಲದಲ್ಲಿ ವಾರಕ್ಕೊಮ್ಮೆ ಹಿಡಿಸೂಡಿಯಲ್ಲಿ ತಿಕ್ಕುವುದು ತಪ್ಪುವುದಿಲ್ಲ.

ಕೊನೆಗೆ ಶವರ್. ಸಮುದ್ರದ ಗಾಳಿ ಲೋಹವನ್ನು ತಿನ್ನುತ್ತದೆ. ಅಂಗಡಿಯಲ್ಲಿ ಸ್ಟೀಲ್ ಎಂದು ತೋರಿಸುವುದು ಸಾಮಾನ್ಯವಾಗಿ 304 ದರ್ಜೆಯದು, ಅದರ ಮೇಲೂ ಕಂದು ಕಲೆ ಏಳುತ್ತದೆ. 316 ದರ್ಜೆ ಕೇಳಿ, ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಅದು ಸಿಗದಿದ್ದರೆ ಮೇಲೆ ಹೊಳಪು ಲೇಪ ಇಲ್ಲದ ಬರೀ ಹಿತ್ತಾಳೆಯ ನಲ್ಲಿ, ಶವರ್ ಹಾಕಿಸಿ. ಬಣ್ಣ ಕಪ್ಪಾಗುತ್ತದೆ, ಹಸಿರಾಗುತ್ತದೆ, ಆದರೆ ವರ್ಷಗಟ್ಟಲೆ ನಿಲ್ಲುತ್ತದೆ. ಶವರಿನ ಕೆಳಗೆ ಮೊಣಕಾಲೆತ್ತರಕ್ಕೆ ಒಂದು ನಲ್ಲಿಯನ್ನೂ ಇಡಿಸಿ. ಕಾಲಿನ ಮರಳು ತೊಳೆಯಲು ಪೂರ್ತಿ ಶವರ್ ತಿರುಗಿಸಬೇಕಾಗಿಲ್ಲ.

ಪ್ರ: ನಮ್ಮದು ರಾಯಚೂರು. ಏಪ್ರಿಲ್, ಮೇ ತಿಂಗಳಲ್ಲಿ ಒಳಗಿನ ಬಾತ್‌ರೂಮಿನಲ್ಲಿ ನಿಂತರೆ ಸ್ನಾನ ಮಾಡುತ್ತಲೇ ಬೆವರುತ್ತೇವೆ. ಅಂಗಳದಲ್ಲಿ ಬೇವಿನ ಮರ ಇದೆ, ಅದರ ಹತ್ತಿರ ಶವರ್ ಹಾಕಿಸೋಣ ಅಂದರೆ ಟ್ಯಾಂಕಿನ ನೀರೇ ಕುದಿಯುತ್ತಿರುತ್ತದೆ. ಏನು ಮಾಡಬೇಕು ಸರ್?

ಉ: ನಿಮ್ಮ ಊರಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಕಪ್ಪು ಪ್ಲಾಸ್ಟಿಕ್ ಟ್ಯಾಂಕು, ಗೋಡೆಯ ಮೇಲೆ ಹಾದುಹೋದ ಪೈಪು, ಎರಡೂ ದಿನವಿಡೀ ಕಾಯುತ್ತವೆ. ಸಂಜೆ ನಲ್ಲಿ ತಿರುಗಿಸಿದರೆ ಮೊದಲು ಬರುವುದು ಪೈಪಿನಲ್ಲಿ ಕಾದ ನೀರು, ಆಮೇಲೆ ಟ್ಯಾಂಕಿನದು. ಟ್ಯಾಂಕಿಗೆ ಬಿಳಿ ಬಣ್ಣ ಹೊಡೆಸಿ, ಮೇಲೊಂದು ಸಣ್ಣ ಚಪ್ಪರ ಹಾಕಿಸಿ. ಚಪ್ಪರ ಟ್ಯಾಂಕಿಗೆ ತಾಗದೆ ನಡುವೆ ಗಾಳಿಯಾಡಬೇಕು. ಅಂಗಳದ ಪೈಪನ್ನು ಒಂದೂವರೆ ಅಡಿ ಆಳದಲ್ಲಿ ಹೂಳಿಸಿ. ಅಷ್ಟು ಮಾಡಿದರೆ ಬೆಳಗಿನ ಜಾವ, ಅಂದರೆ ನೀರು ರಾತ್ರಿಯೆಲ್ಲ ಆರಿದ ಮೇಲೆ, ಸ್ನಾನ ನಿಜಕ್ಕೂ ತಂಪಾಗಿರುತ್ತದೆ. ಸಂಜೆಯ ಸ್ನಾನಕ್ಕೆ ಬೇವಿನ ನೆರಳಲ್ಲಿ ಒಂದು ಮಣ್ಣಿನ ಗುಡಾಣ ತುಂಬಿಟ್ಟು ಬಟ್ಟೆ ಕಟ್ಟಿ ಮುಚ್ಚಿ. ಒಣಗಾಳಿಯ ಊರಲ್ಲಿ ಗುಡಾಣ ಮಾಡುವಷ್ಟು ತಂಪು ಯಾವ ಶವರೂ ಮಾಡಲಾರದು.

ಮುಖ್ಯ ವಿಷಯ ನಿಮ್ಮ ಮಣ್ಣು. ಎರೆಮಣ್ಣಾಗಿದ್ದರೆ ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಕಲ್ಲು ಹಾಸಿದರೆ ಒಂದೆರಡು ವರ್ಷದಲ್ಲಿ ಮೇಲೆ ಕೆಳಗೆ ಆಗುತ್ತದೆ. ಎರಡಡಿ ತೋಡಿ ಎರೆ ತೆಗೆದು ಗರಸು ತುಂಬಿಸಿ, ನೀರು ಹಾಕಿ ಚೆನ್ನಾಗಿ ಕುಟ್ಟಿಸಿ, ಆಮೇಲೆ ಕಾಂಕ್ರೀಟು, ಅದರ ಮೇಲೆ ಶಹಾಬಾದ್ ಕಲ್ಲು. ನಿಮ್ಮ ಭಾಗದ್ದೇ ಕಲ್ಲು, ಒರಟು ಮುಖದ್ದು ಕೇಳಿ ತನ್ನಿ. ಒಂದು ಎಚ್ಚರ, ಅದನ್ನು ಆಸಿಡ್ ಹಾಕಿ ತೊಳೆಯಬೇಡಿ. ಸುಣ್ಣದ ಕಲ್ಲು ಅದು, ಮೇಲ್ಮೈ ಕರಗುತ್ತದೆ. ಎರೆಯಲ್ಲಿ ಇಂಗುಗುಂಡಿಯೂ ಬೇಗ ತುಂಬಿ ನಿಲ್ಲುತ್ತದೆ. ಮನೆಯ ಪಾಯದ ಹತ್ತಿರವಂತೂ ನೀರು ಬಿಡಲೇಬೇಡಿ, ಗೋಡೆ ಬಿರಿಯುವುದು ಹೀಗೆಯೇ. ಉದ್ದ ಕಾಲುವೆ ಮಾಡಿ ಬೇವಿಗೆ, ನುಗ್ಗೆಗೆ, ಬಾಳೆಗೆ ಹಂಚಿ. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಬೇಡ.

ನೀರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸಾಮಾನ್ಯ ಶವರ್ ನಿಮಿಷಕ್ಕೆ ಎಂಟರಿಂದ ಹತ್ತು ಲೀಟರ್ ಸುರಿಸುತ್ತದೆ. ಐದು ನಿಮಿಷ ನಿಂತರೆ 40 ಲೀಟರಿಗೂ ಮೇಲೆ, ಬಕೆಟ್ ಸ್ನಾನದ ಎರಡರಷ್ಟು. ಬೇಸಿಗೆಯಲ್ಲಿ ನೀರಿನ ತೊಂದರೆ ಇರುವ ಮನೆಯವರು ನಿಮಿಷಕ್ಕೆ ಆರು ಲೀಟರಿನ ಶವರ್ ಹಾಕಿಸಿ, ಸೋಪು ಹಚ್ಚುವಾಗ ನಿಲ್ಲಿಸಿ. ಸರಪಳಿ ಎಳೆದರೆ ಮಾತ್ರ ನೀರು ಬರುವಂಥದ್ದು ಸಿಕ್ಕರೆ ಮಕ್ಕಳಿರುವ ಮನೆಗೆ ಅದೇ ಸರಿ.

ಪ್ರ: ಬೆಂಗಳೂರಿನಲ್ಲಿ 30x40 ಸೈಟಿನ ಮನೆ. ಹಿತ್ತಲು ಅಂತ ಇಲ್ಲವೇ ಇಲ್ಲ. ಟೆರೇಸಿನ ಮೇಲೆ ಶವರ್ ಹಾಕಿಸಬಹುದಾ? ತಲೆಯ ಮೇಲೆ ಮಳೆಯಂತೆ ಬೀಳುವ ದೊಡ್ಡ ಶವರ್ ಇಷ್ಟ.

ಉ: ಹಾಕಿಸಬಹುದು. ಆದರೆ ಆ ದೊಡ್ಡ ಶವರಿನಲ್ಲಿ ನೀರು ತೊಟ್ಟಿಕ್ಕುತ್ತದೆಯೇ ಹೊರತು ಸುರಿಯುವುದಿಲ್ಲ. ಕಾರಣ ಸರಳ. ಟ್ಯಾಂಕು ಅದೇ ಟೆರೇಸಿನ ಮೇಲೆ ಐದಾರು ಅಡಿ ಸ್ಟ್ಯಾಂಡಿನಲ್ಲಿದೆ, ಶವರಿನ ತಲೆ ಏಳಡಿ ಎತ್ತರದಲ್ಲಿ. ಟ್ಯಾಂಕಿನ ನೀರಿನ ಮಟ್ಟ ಶವರಿಗಿಂತ ಹತ್ತಡಿ ಮೇಲಿದ್ದರೂ ಸಿಗುವ ಒತ್ತಡ 0.3 ಬಾರ್ ಮಾತ್ರ, ನಿಮಗೆ ಅದೂ ಇಲ್ಲ. ಪ್ರೆಷರ್ ಪಂಪ್ ಹಾಕಿಸಬೇಕು, ಇಲ್ಲವೇ ಸಣ್ಣ ಕೈ ಶವರಿನಲ್ಲಿ ತೃಪ್ತಿಪಡಬೇಕು. ಪಂಪ್ ಹಾಕಿಸಿದರೆ ಆ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು) ಇರಲೇಬೇಕು. ಸ್ವಿಚ್ಚು ಒದ್ದೆ ಕೈಗೆ ಎಟುಕದ ಕಡೆ, ಮೆಟ್ಟಿಲ ಬಾಗಿಲಿನ ಒಳಗೆ ಇರಲಿ. ಇದರಲ್ಲಿ ದುಡ್ಡು ಉಳಿಸಲು ಹೋಗಬೇಡಿ, ಜೀವದ ಪ್ರಶ್ನೆ.

ಇನ್ನೊಂದು ವಿಷಯ ಹೆಚ್ಚಿನವರು ಮರೆಯುತ್ತಾರೆ. ಬೆಂಗಳೂರಿನಲ್ಲಿ 2009ರಿಂದ ಹಲವು ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. ನಿಮ್ಮ ಟೆರೇಸಿನ ನೀರು ಸಂಪಿಗೋ ಇಂಗುಬಾವಿಗೋ ಹೋಗುವ ಹಾಗೆ ಪೈಪು ಇದ್ದರೆ ಶವರಿನ ಸೋಪು ನೀರೂ ಅಲ್ಲಿಗೇ ಹೋಗುತ್ತದೆ! ಶವರಿನ ಜಾಗದ ಸುತ್ತ ನಾಲ್ಕಿಂಚು ಕಟ್ಟೆ ಕಟ್ಟಿಸಿ, ಅದಕ್ಕೆ ಬೇರೆಯದೇ ಪೈಪು ಕೊಟ್ಟು ಬಾತ್‌ರೂಮಿನ ಮೋರಿಯ ಲೈನಿಗೆ ಸೇರಿಸಿ. ಕೆಳಗೆ ಮಲಗುವ ಕೋಣೆ ಇದ್ದರೆ ವಾಟರ್‌ಪ್ರೂಫಿಂಗ್ ಮಾಡಿಸಿ ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಸೋರಿಲ್ಲ ಅಂತ ಖಾತ್ರಿಯಾದ ಮೇಲೆಯೇ ಕಲ್ಲು ಹಾಸಿ.

ಪ್ರ: ಶಿರಸಿ ಕಡೆಯ ಹಳ್ಳಿ ಮನೆ. ಮನೆಯಿಂದ ಸ್ವಲ್ಪ ಆಚೆ ಹಳೆಯ ಬಚ್ಚಲುಕೊಟ್ಟಿಗೆ ಇದೆ, ಹಂಡೆ ಒಲೆ ಎಲ್ಲ ಇದೆ. ಮಗ ಅದನ್ನು ಕೆಡವಿ ಹೊಸದಾಗಿ ಶವರ್, ಸೋಲಾರ್ ಮಾಡಿಸೋಣ ಅನ್ನುತ್ತಾನೆ. ನನಗೆ ಮನಸ್ಸು ಬರುತ್ತಿಲ್ಲ.

ಉ: ಕೆಡವಬೇಡಿ ಅಮ್ಮ. ಮಗನಿಗೂ ಈ ಪತ್ರಿಕೆ ತೋರಿಸಿ. ಹೊಸದಾಗಿ ಕಟ್ಟಿಸುವವರು ಹುಡುಕಾಡಿ ಮಾಡಿಸುವುದೆಲ್ಲ ನಿಮ್ಮಲ್ಲಿ ಆಗಲೇ ಇದೆ: ಮನೆಯ ಗೋಡೆಗೆ ತೇವ ತಾಗದಷ್ಟು ದೂರ, ನೀರು ತೋಟಕ್ಕೆ ಹರಿಯುವ ವಾಟ, ಮಾಡಿನ ಸಂದಿಯಲ್ಲಿ ಆಡುವ ಗಾಳಿ. ಅಡಿಕೆ ಸಿಪ್ಪೆ ಇರುವ ತನಕ ಬಿಸಿನೀರಿಗೆ ಖರ್ಚೂ ಇಲ್ಲ. ಮಲೆನಾಡಿನ ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ, ಸೋಲಾರ್ ಆಗ ಕೈಕೊಡುತ್ತದೆ. ದೀಪಾವಳಿಯ ಎಣ್ಣೆಸ್ನಾನಕ್ಕೆ ಹಂಡೆಯ ನೀರೇ ಬೇಕು ಅಲ್ವಾ? ಒಂದು ಮೂಲೆಯಲ್ಲಿ ಮಗನಿಗೆ ಶವರ್ ಹಾಕಿಸಿ, ಬೇಕಿದ್ದರೆ ಸೋಲಾರ್ ಲೈನೂ ತನ್ನಿ. ಆದರೆ ಆ ನೀರು ಬೇಸಿಗೆಯಲ್ಲಿ 70 ಡಿಗ್ರಿ ದಾಟಬಹುದು, ಮೈ ಸುಡುತ್ತದೆ. ತಣ್ಣೀರು ಬೆರೆಸುವ ಮಿಕ್ಸರ್ ಇಲ್ಲದೆ ಕೊಡಬೇಡಿ. ಬಿಸಿನೀರಿನ ಪೈಪು ಸಿಪಿವಿಸಿಯದ್ದಾಗಿರಲಿ, ಮಾಮೂಲಿ ಪಿವಿಸಿ ಮೆತ್ತಗಾಗುತ್ತದೆ. ಮತ್ತೆ, ನಿಮ್ಮ ವಯಸ್ಸಿನವರಿಗೆ ಎಣ್ಣೆ ಬಿದ್ದ ನೆಲ ಅಪಾಯ. ಗೋಡೆಗೆ ಹಿಡಿದುಕೊಳ್ಳುವ ಗಟ್ಟಿ ಕಂಬಿ ಒಂದನ್ನು ಮೊದಲು ಹಾಕಿಸಿ.

ಪ್ರ: ಹೊರಗೆ ಶವರ್ ಮಾಡಿಸಿದ್ದೇವೆ, ಸುತ್ತ ಮಡಲಿನ ತಟ್ಟಿ ಕಟ್ಟಿದೆ. ಮನೆಯ ಗಂಡಸರು ಆರಾಮಾಗಿ ಸ್ನಾನ ಮಾಡುತ್ತಾರೆ, ನನಗೂ ಮಗಳಿಗೂ ಧೈರ್ಯ ಬರುತ್ತಿಲ್ಲ. ರಾತ್ರಿ ಹಾವಿನ ಭಯ ಬೇರೆ. (ಹೆಸರು, ಊರು ಬೇಡ)

ಉ: ನಿಮ್ಮ ಅಳುಕು ಸರಿಯಾದದ್ದೇ. ಮನೆಯ ಹೆಂಗಸರು ನೆಮ್ಮದಿಯಿಂದ ಬಳಸಲಾಗದ ಶವರ್ ಅರ್ಧ ಮನೆಗಷ್ಟೇ ಮಾಡಿಸಿದಂತೆ. ತಟ್ಟಿ ಒಂದೆರಡು ಮಳೆಗಾಲಕ್ಕೆ ಸಡಿಲವಾಗುತ್ತದೆ, ಸಂದಿ ಬೀಳುತ್ತದೆ. ಏಳಡಿ ಎತ್ತರದ ಗೋಡೆ, ಒಳಗಿಂದ ಚಿಲಕ ಹಾಕುವ ಬಾಗಿಲು ಕೇಳಿ, ಗಟ್ಟಿಯಾಗಿ ಕೇಳಿ. ಶವರಿನ ಕೆಳಗೆ ನಿಂತು ಸುತ್ತ ನೋಡಿ, ನಿಮಗೆ ಯಾವ ಮನೆಯ ಮಹಡಿ ಕಿಟಕಿ ಕಾಣುತ್ತದೋ ಅಲ್ಲಿಂದ ನೀವೂ ಕಾಣುತ್ತೀರಿ. ಆ ಕಡೆಗೆ ಮಾತ್ರ ಮೇಲೊಂದು ಚಪ್ಪರ ಇಳಿಸಿದರೆ ಸಾಕು, ಉಳಿದ ಆಕಾಶ ತೆರೆದೇ ಇರಲಿ. ತಟ್ಟಿ ಇರುವ ತನಕ ದೀಪ ನಿಮ್ಮ ಬೆನ್ನ ಹಿಂದೆ ಇರುವಂತೆ ಹಾಕಿಸಬೇಡಿ, ನೆರಳು ತಟ್ಟಿಯ ಮೇಲೆ ಬಿದ್ದು ಹೊರಗಿನವರಿಗೆ ಕಾಣುತ್ತದೆ.

ತೇವ ಇದ್ದಲ್ಲಿಗೆ ಕಪ್ಪೆ ಬರುತ್ತದೆ, ಕಪ್ಪೆ ಇದ್ದಲ್ಲಿಗೆ ಹಾವು. ನೀರು ಹೋಗುವ ತೂತಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ, ಬಾಗಿಲಿನ ಅಡಿಯ ಸಂದಿ ಮುಚ್ಚಿಸಿ, ಗೋಡೆಯ ಬುಡದಲ್ಲಿ ಕಲ್ಲು, ಸೌದೆ, ಹೂಕುಂಡ ಒಟ್ಟಬೇಡಿ. ದೀಪ ಹಾಕಿ ನೆಲ ನೋಡಿಯೇ ಒಳಗೆ ಕಾಲಿಡಿ.

ಪ್ರ: ಶವರಿನ ತೂತುಗಳು ಪದೇ ಪದೇ ಕಟ್ಟಿಕೊಳ್ಳುತ್ತವೆ. ಬೋರ್‌ವೆಲ್ ನೀರು.

ಉ: ಗಡಸು ನೀರಿನ ಸುಣ್ಣ ಅದು. ಶವರಿನ ತಲೆ ಬಿಚ್ಚಿ ರಾತ್ರಿ ವಿನೆಗರ್‌ನಲ್ಲಿ ನೆನೆಸಿ, ಬೆಳಿಗ್ಗೆ ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಹಿತ್ತಾಳೆಯದಾದರೆ ರಾತ್ರಿಯಿಡೀ ಬೇಡ, ಅರ್ಧ ಗಂಟೆ ಸಾಕು. ಮುಂದಿನ ಸಲ ಕೊಳ್ಳುವಾಗ ರಬ್ಬರಿನ ತೂತುಗಳಿರುವ ಶವರ್ ಕೊಳ್ಳಿ, ಬೆರಳಲ್ಲಿ ತಿಕ್ಕಿದರೆ ಸುಣ್ಣ ಉದುರುತ್ತದೆ.