ಬೀದರ್‌ನ ವಾಯುಪಡೆ ನೆಲೆಯಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುವ ಹಾಕ್ ವಿಮಾನ ಬ್ರಿಟನ್ನಿನ ವಿನ್ಯಾಸ. ಹೊರದೇಶದಿಂದ ಇಂಥ ವಿಮಾನ ತರುವ ತಂತ್ರಜ್ಞಾನ ಒಪ್ಪಂದದಲ್ಲಿ ಸೇನಾಧಿಕಾರಿಗೆ ಏನು ಕೆಲಸ?

ಏನು ಬೇಕೆಂದು ಬರೆಯುವುದು, ಬಂದದ್ದನ್ನು ಪರೀಕ್ಷಿಸಿ ಒಪ್ಪುವುದು ಅಥವಾ ವಾಪಸ್ ಕಳಿಸುವುದು. ಬೆಲೆ, ಸಹಿ ಎಲ್ಲಾ ಸರ್ಕಾರದ್ದು.

ಕಾರಣ ಸರಳ: ಕಂಪನಿಗೆ ವಿಮಾನ ಗೊತ್ತು, ನಮ್ಮ ನೆಲ ಗೊತ್ತಿರುವುದು ಇಲ್ಲಿ ಹಾರಿದವರಿಗೆ. ಬೀದರ್ ಸಮುದ್ರಮಟ್ಟದಿಂದ ಆರುನೂರು ಮೀಟರ್‌ಗೂ ಎತ್ತರದಲ್ಲಿದೆ. ಮೇ ತಿಂಗಳ ಬಿಸಿಲಿಗೆ ಗಾಳಿ ತೆಳುವಾಗುತ್ತದೆ, ಎಂಜಿನ್ನಿನ ನೂಕುಬಲ ಇಳಿಯುತ್ತದೆ, ಮೇಲೇಳಲು ರನ್‌ವೇ ಉದ್ದ ಬೇಕಾಗುತ್ತದೆ. ಇದನ್ನು ಮೊದಲೇ ಕಾಗದದಲ್ಲಿ ಬರೆಯದಿದ್ದರೆ ಆಮೇಲೆ ಕೇಳುವವರಿಲ್ಲ. ಹಾಕ್‌ನಲ್ಲಿ ಹಿಂದಿನ ಸೀಟು ಮುಂದಿನದಕ್ಕಿಂತ ಎತ್ತರ. ಶಿಷ್ಯನ ತಲೆಯ ಮೇಲಿಂದ ಗುರುವಿಗೆ ರನ್‌ವೇ ಕಾಣಬೇಕಲ್ಲ! ಅದರ ಮಹತ್ವ ಕಲಿಸಿದವನಿಗೇ ಗೊತ್ತು.

2004ರ ಒಪ್ಪಂದದಲ್ಲಿ 66 ವಿಮಾನ: 24 ಬ್ರಿಟನ್ನಿನಲ್ಲಿ ತಯಾರಾದವು, 42 ಬೆಂಗಳೂರಿನ ಸರ್ಕಾರಿ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ಪರವಾನಗಿ ಪಡೆದು ಕಟ್ಟಿದವು. 2008ರಲ್ಲಿ ಬೀದರ್‌ನಲ್ಲಿ ಹಾಕ್ ಅಧಿಕೃತವಾಗಿ ವಾಯುಪಡೆಗೆ ಸೇರಿತು. ಅದಕ್ಕೂ ಮುಂಚೆ ನಮ್ಮ ಪೈಲಟ್‌ಗಳು ಬ್ರಿಟನ್ನಿಗೇ ಹೋಗಿ ಹಾಕ್ ಕಲಿತು ಬಂದಿದ್ದರು.

ಹಾಗಾಗಿ ಈ ದಾರಿ ಹಿಡಿಯುವ ಅಧಿಕಾರಿ ಮೊದಲು ವರ್ಷಗಟ್ಟಲೆ ಹಾರಿರಬೇಕು, ಇಲ್ಲವೇ ವಿಮಾನ ರಿಪೇರಿಯಲ್ಲಿ ಕೈ ಪಳಗಿಸಿರಬೇಕು. ಆಮೇಲೆ ಬೆಂಗಳೂರಿನಲ್ಲಿ ಪರೀಕ್ಷಾ ಹಾರಾಟದ ತರಬೇತಿ, ದೆಹಲಿಯ ವಾಯುಪಡೆ ಕೇಂದ್ರ ಕಚೇರಿ, ಕೆಲವರಿಗೆ ವಿದೇಶದ ರಾಯಭಾರ ಕಚೇರಿ. ನಮ್ಮ ಬೀದರ್ ಹುಡುಗರು ತಲೆಯ ಮೇಲಿನ ಸದ್ದಿಗೆ ಕತ್ತೆತ್ತಿ ನೋಡುವಾಗ ಈ ಕೆಲಸವೂ ಇದೆಯೆಂದು ಯಾರಾದರೂ ಹೇಳಬೇಕೆಂಬುದು ನನ್ನ ಆಸೆ.