ಬಾಗೇಪಲ್ಲಿ ಆಂಧ್ರಕ್ಕೆ ಯಾಕೆ ಸೇರಲಿಲ್ಲ ಅಂತ ಕೇಳಿದವರಿಗೆ

ನಮ್ಮ ಬಾಗೇಪಲ್ಲಿ ಆಂಧ್ರದ ಗಡಿಗೆ ಅಂಟಿಕೊಂಡ ತಾಲ್ಲೂಕು. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಸಂತೇಲಿ ಎರಡೂ. ಹಾಗಿದ್ದ ಮೇಲೆ ನೀವು ಆಂಧ್ರಕ್ಕೆ ಯಾಕೆ ಸೇರಲಿಲ್ಲ, ಆ ಕಡೆ ಹೋದರೆ ಕಾನೂನೂ ಬದಲಾಗುತ್ತಾ ಅಂತ ಕೇಳಿದ್ದೀರಿ. ಮಲೆನಾಡಿನವರಾದ ನಿಮಗೆ ಈ ಅನುಮಾನ ಬರೋದು ಸಹಜ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ರಾಜ್ಯದ ಗಡಿ ಎಲ್ಲಿರಬೇಕು ಅನ್ನೋದು ಊರಿನವರ ಕೈಲೂ ಇಲ್ಲ, ವಿಧಾನಸಭೆಯ ಕೈಲೂ ಇಲ್ಲ. ಸಂವಿಧಾನದ 3ನೇ ವಿಧಿ ಅದನ್ನು ಸಂಸತ್ತಿಗೆ ಕೊಟ್ಟಿದೆ. ರಾಷ್ಟ್ರಪತಿ ಮಸೂದೆಯನ್ನು ಆಯಾ ರಾಜ್ಯದ ಶಾಸಕಾಂಗಕ್ಕೆ ಕಳಿಸಿ ಅಭಿಪ್ರಾಯ ಕೇಳಬೇಕು, ಅಷ್ಟೇ. ಆ ಅಭಿಪ್ರಾಯದಂತೆ ನಡೆಯಬೇಕು ಅಂತೇನಿಲ್ಲ. ಸಂವಿಧಾನ ತಿದ್ದುಪಡಿಗೆ ಬೇಕಾಗುವ ಮೂರನೇ ಎರಡರಷ್ಟು ಬಹುಮತವೂ ಬೇಡ, ಸಾಮಾನ್ಯ ಬಹುಮತ ಸಾಕು. 1953ರಲ್ಲಿ ಆಂಧ್ರ ರಾಜ್ಯ ಆದಾಗ, 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆದಾಗ, ಎರಡು ಸಲವೂ ಕೋಲಾರ ಜಿಲ್ಲೆ ಮೈಸೂರಲ್ಲೇ ಉಳೀತು. ಬಾಗೇಪಲ್ಲಿ ಆಗ ಆ ಜಿಲ್ಲೆಯಲ್ಲೇ ಇತ್ತು.

ಈ ವಿಧಿಯ ತಾಕತ್ತು ನಮಗೆ ನಿಜವಾಗಿ ಅರ್ಥ ಆಗಿದ್ದು 2013-14ರಲ್ಲಿ. ತೆಲಂಗಾಣ ಬೇಡ ಅಂತ ಹಿಂದೂಪುರ, ಅನಂತಪುರದ ಕಡೆ ಬಂದ್ ಮೇಲೆ ಬಂದ್, ಅವರ ಸರ್ಕಾರಿ ಬಸ್ಸುಗಳ ಮುಷ್ಕರ. ಈ ಕಡೆ ಬೀಗರ ಮನೆಗೆ ಹೋಗಬೇಕಾದವರು ಸಿಕ್ಕ ಆಟೋ, ಟೆಂಪೋ ಹತ್ತಿದರು. 2014ರ ಜನವರಿಯಲ್ಲಿ ಆಂಧ್ರ ವಿಧಾನಸಭೆ ರಾಜ್ಯ ಒಡೆಯೋ ಮಸೂದೆಯನ್ನು ತಿರಸ್ಕರಿಸಿತು. ಫೆಬ್ರವರಿಯಲ್ಲಿ ಸಂಸತ್ತು ಅದನ್ನೇ ಪಾಸ್ ಮಾಡಿತು. ಜೂನ್ 2ಕ್ಕೆ ತೆಲಂಗಾಣ ಬಂತು. ಜಿಲ್ಲೆ ಮಾಡೋದಕ್ಕೆ ಇಷ್ಟೆಲ್ಲ ಬೇಡ. 2007ರಲ್ಲಿ ಕೋಲಾರ ಒಡೆದು ಚಿಕ್ಕಬಳ್ಳಾಪುರ ಮಾಡಿದ್ದು, 2022ರಲ್ಲಿ ಆಂಧ್ರದವರು ಪುಟ್ಟಪರ್ತಿಯನ್ನು ಜಿಲ್ಲಾ ಕೇಂದ್ರ ಮಾಡಿಕೊಂಡಿದ್ದು, ಎರಡೂ ಆಯಾ ರಾಜ್ಯ ಸರ್ಕಾರದ ಕೆಲಸ.

ಇನ್ನು ಕಾನೂನು ಬದಲಾಗುತ್ತಾ ಅನ್ನೋದು. ಕೆಲವು ಬದಲಾಗುತ್ತವೆ, ಕೆಲವಿಲ್ಲ. ಯಾವುದು ಕೇಂದ್ರದ್ದು, ಯಾವುದು ರಾಜ್ಯದ್ದು, ಯಾವುದು ಇಬ್ಬರದೂ ಅನ್ನೋ ಮೂರು ಪಟ್ಟಿ ಏಳನೇ ಅನುಸೂಚಿಯಲ್ಲಿದೆ. ಹೆಂಡ, ಬ್ರಾಂದಿ ರಾಜ್ಯದ ಪಟ್ಟಿಯಲ್ಲಿವೆ. 2019ರಲ್ಲಿ ಆಂಧ್ರದವರು ಅಂಗಡಿಗಳನ್ನೆಲ್ಲ ಸರ್ಕಾರದ ಕೈಗೆ ತಗೊಂಡು ರೇಟು ಏರಿಸಿದ ಮೇಲೆ ನಮ್ಮ ಕಡೆಯ ಮದ್ಯದ ಟೆಟ್ರಾ ಪ್ಯಾಕುಗಳಿಗೆ ಎಂಥಾ ಗಿರಾಕಿ ಅಂತೀರಾ! ಬೈಕಿನ ಸೀಟಿನಡಿ, ತರಕಾರಿ ಮೂಟೆಯೊಳಗೆ, ಎಲ್ಲೆಲ್ಲೋ ಹೋಗುತ್ತಿದ್ದವು. ಪೆಟ್ರೋಲ್, ಡೀಸೆಲ್ ಮೇಲಿನ ಮಾರಾಟ ತೆರಿಗೆಯೂ ರಾಜ್ಯದ್ದೇ. ಅದಕ್ಕೇ ಆ ಕಡೆಯ ಲಾರಿಗಳು ನಮ್ಮ ಹೈವೇ ಬಂಕುಗಳಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೋಗೋದು. ಆದರೆ ಜಿಎಸ್‌ಟಿ ಇಬ್ಬರಿಗೂ ಸೇರಿದ್ದು. 2017ರ ಜುಲೈನಲ್ಲಿ ಅದು ಬಂದ ಮೇಲೆ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟುಗಳು ಮುಚ್ಚಿಹೋದವು. ಜಮೀನಿನ ದಾಖಲೆಯೂ ರಾಜ್ಯದ್ದು. ಇಲ್ಲಿ ಪಹಣಿ, ಅಲ್ಲಿ ಅಡಂಗಲ್.

ಹೊರಗಿನವರಿಗೆ ಗೊತ್ತೇ ಆಗದ ಇನ್ನೊಂದು ವಿಷಯ ಇದೆ. ಅದು ಜಾತಿ ಪಟ್ಟಿ. ವಾಲ್ಮೀಕಿ ಸಮುದಾಯ ನಮ್ಮಲ್ಲಿ ಪರಿಶಿಷ್ಟ ಪಂಗಡ. ಗಡಿಯಾಚೆ ರಾಯಲಸೀಮೆಯಲ್ಲಿ ಬೋಯಾ ಅನ್ನಿಸಿಕೊಳ್ಳೋ ಅದೇ ಜನ ಹಿಂದುಳಿದ ವರ್ಗ. ಅದೇ ಕುಲದೇವರು, ಹೆಣ್ಣು ಕೊಟ್ಟು ತರೋ ಸಂಬಂಧ, ಆದರೂ ಕಾಗದದಲ್ಲಿ ಬೇರೆ ಬೇರೆ. 342ನೇ ವಿಧಿ ಪ್ರಕಾರ ಪರಿಶಿಷ್ಟ ಪಂಗಡದ ಪಟ್ಟಿ ರಾಜ್ಯವಾರು ಇರುತ್ತದೆ. ಅದಕ್ಕೆ ಸೇರಿಸೋದು, ತೆಗೆಯೋದು ಸಂಸತ್ತು ಮಾತ್ರ. ಆ ಕಡೆಯಿಂದ ಬಂದ ಸೊಸೆ ನಾಡಕಚೇರಿಗೆ ಹೋದರೆ ಗಂಡನ ದಾಖಲೆ ನಡೆಯಲ್ಲ, ಅಪ್ಪನ ದಾಖಲೆ ತಾ ಅಂತಾರೆ. ಅಪ್ಪನದು ಆಂಧ್ರದ್ದು. ಇಲ್ಲಿಂದ ಅಲ್ಲಿಗೆ ಹೋದ ಹುಡುಗಿಯ ಎಸ್‌ಟಿ ಸರ್ಟಿಫಿಕೇಟೂ ಆ ರಾಜ್ಯದ ಮೀಸಲಾತಿಗೆ ಬರಲ್ಲ. ಒಂದು ರಾಜ್ಯದ ಪಟ್ಟಿಯಲ್ಲಿರೋದು ಇನ್ನೊಂದು ರಾಜ್ಯದಲ್ಲಿ ಸೌಲಭ್ಯಕ್ಕೆ ಸಾಲದು ಅಂತ ಸುಪ್ರೀಂ ಕೋರ್ಟು 1990ರಲ್ಲೇ ಹೇಳಿದೆ. ಜನ ತಹಶೀಲ್ದಾರರನ್ನು ಬೈತಾರೆ, ನನಗೂ ಬೈಯೋಣ ಅನಿಸುತ್ತೆ. ಆದರೆ ಅವರು ಪಟ್ಟಿ ನೋಡಿ ಸಹಿ ಹಾಕೋರು, ಪಟ್ಟಿ ಮಾಡೋರಲ್ಲ. 2022ರಲ್ಲಿ ನಮ್ಮ ಸರ್ಕಾರ ಎಸ್‌ಟಿ ಮೀಸಲಾತಿಯನ್ನು ಶೇ. 3ರಿಂದ 7ಕ್ಕೆ ಏರಿಸಿತು. ಅಷ್ಟು ರಾಜ್ಯದ ಕೈಲಿದೆ. ಪಟ್ಟಿಗೆ ಒಂದು ಹೆಸರು ಸೇರಿಸೋದು ಮಾತ್ರ ಇಲ್ಲ. ಎಲೆಕ್ಷನ್ ಬಂದಾಗ ಎಂಎಲ್‌ಎ ಅಭ್ಯರ್ಥಿಗಳು ಸೇರಿಸ್ತೀವಿ ಅಂತ ಭಾಷಣ ಮಾಡಿದರೆ ಕೇಳಿ ಸುಮ್ಮನಿರಬೇಕು.

ಕೋರ್ಟಿನ ವಿಷಯ ಸುಲಭ. ಜಮೀನು ಎಲ್ಲಿದೆಯೋ ದಾವೆ ಅಲ್ಲೇ. ಅಜ್ಜನ ಆಸ್ತಿ ಗಡಿಯ ಎರಡೂ ಕಡೆ ಹಂಚಿಹೋದವರು ಬಾಗೇಪಲ್ಲಿ ಕೋರ್ಟಿಗೂ ಅಲೀತಾರೆ, ಹಿಂದೂಪುರಕ್ಕೂ ಅಲೀತಾರೆ. ಮೇಲ್ಮನವಿ ಹೈಕೋರ್ಟಿನವರೆಗೆ ಹೋದರೆ, ಇಲ್ಲಿಂದ ಹೋಗೋದು ಬೆಂಗಳೂರಿನ ಹೈಕೋರ್ಟಿಗೆ, ಅಲ್ಲಿಂದ ಹೋಗೋದು ಅಮರಾವತಿಯ ಹೈಕೋರ್ಟಿಗೆ.

ರಾಜ್ಯ ರಾಜ್ಯಗಳೇ ಜಗಳ ಆಡಿದರೆ? ಅದನ್ನು ಕೋಲಾರದವರನ್ನು ಕೇಳಿ. ಬಂಗಾರಪೇಟೆ ತಾಲ್ಲೂಕಿನ ಯರಗೋಳದಲ್ಲಿ ಮಾರ್ಕಂಡೇಯ ನದಿಗೆ ಕುಡಿಯೋ ನೀರಿಗೆ ಅಂತ ಅಣೆಕಟ್ಟು ಕಟ್ಟಲು ಹೊರಟಾಗ ತಮಿಳುನಾಡು ನೇರ ಸುಪ್ರೀಂ ಕೋರ್ಟಿಗೆ ಹೋಯಿತು. ರಾಜ್ಯಗಳ ನಡುವಿನ ವ್ಯಾಜ್ಯ ಅಲ್ಲೇ ಶುರುವಾಗಬೇಕು ಅಂತ 131ನೇ ವಿಧಿ ಇದೆ. ಆದರೆ ನದಿ ನೀರಿಗೆ 262ನೇ ವಿಧಿ ಬೇರೆ ದಾರಿ ಮಾಡಿದೆ, ಅದು ನ್ಯಾಯಮಂಡಳಿ. 2019ರ ನವೆಂಬರಿನಲ್ಲಿ ಕೋರ್ಟು ಕೆಲಸಕ್ಕೆ ತಡೆ ಕೊಡಲಿಲ್ಲ, ನ್ಯಾಯಮಂಡಳಿ ಬೇಕಾದರೆ ಕೇಂದ್ರವನ್ನು ಕೇಳಿ ಅಂತ ತಮಿಳುನಾಡಿಗೆ ಹೇಳಿತು. ಅಣೆಕಟ್ಟು ಎದ್ದಿತು. ಕೋಲಾರ, ಮಾಲೂರು, ಬಂಗಾರಪೇಟೆಗೆ ನೀರು ಕೊಡೋ ಯೋಜನೆ ಅದೇ.

ಅಂದಹಾಗೆ ಮೈಸೂರಿನ ಮೊದಲ ಮುಖ್ಯಮಂತ್ರಿ ಕೆ. ಚೆಂಗಲರಾಯ ರೆಡ್ಡಿಯವರು ಈ ಸಂವಿಧಾನ ಬರೆದ ಸಭೆಯ ಸದಸ್ಯರೂ ಹೌದು. ಅವರ ಊರು ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿ, ಅಲ್ಲಿಂದ ಆಂಧ್ರದ ಗಡಿ ದೂರವೇನಿಲ್ಲ.