ಮರೆವೆಲ್ಲವೂ ಅರಳುಮರುಳಲ್ಲ

ಅಂಗಳದ ಪಾಚಿಯಲ್ಲಿ ಜಾರಿಬಿದ್ದು ತಿಂಗಳಾದ ಮೇಲೆ ನಿಮ್ಮ 72ರ ತಂದೆಯವರು ಸುಲಿದ ಅಡಿಕೆಯನ್ನೇ ಮತ್ತೆ ಸುಲಿಯಲು ಕೂರುತ್ತಾರೆ, ಹಗಲೆಲ್ಲ ತೂಕಡಿಸುತ್ತಾರೆ, ಇದು ಅರಳುಮರುಳೇ ಎಂದು ತೀರ್ಥಹಳ್ಳಿಯಿಂದ ಕೇಳಿದ್ದೀರಿ. ಮರೆವು ತರುವ ಆಲ್ಜೈಮರ್ ಕಾಯಿಲೆಯಲ್ಲಿ ಮಿದುಳಿನ ಜೀವಕೋಶಗಳು ವರ್ಷಗಟ್ಟಲೆ ನಿಧಾನವಾಗಿ ನಶಿಸುತ್ತವೆ. ಪಾರ್ಶ್ವವಾಯುವಾದರೆ ರಕ್ತನಾಳ ಕಟ್ಟಿಕೊಂಡೋ ಒಡೆದೋ ಹಠಾತ್ತನೆ ಎರಗುತ್ತದೆ. ವಾರಗಳಲ್ಲಿ ಹೆಚ್ಚಿದ ಈ ಮಂಕು ಎರಡಕ್ಕೂ ಅಷ್ಟಾಗಿ ಹೊಂದುವುದಿಲ್ಲ. ವಯಸ್ಸಾದಂತೆ ಮಿದುಳು ಕುಗ್ಗಿ, ಮಿದುಳಿನಿಂದ ಅದರ ಹೊದಿಕೆಗೆ ಹಾಯುವ ಸಣ್ಣ ಸಿರೆಗಳು ಬಿಗಿಯಾಗುವುದರಿಂದ, ಹೊರಗೆ ಗಾಯವೇ ಕಾಣದ ಪೆಟ್ಟಿಗೂ ಅವು ಹರಿದು, ರಕ್ತ ಮೆಲ್ಲಗೆ ಶೇಖರವಾಗಿ ಮಿದುಳನ್ನು ಒತ್ತಬಹುದು. ನನ್ನ ಮೊದಲ ಅನುಮಾನ ಇದರ ಮೇಲೆಯೇ. ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು ಆ ರಕ್ತ ತೆಗೆದರೆ ಅನೇಕರು ಚೇತರಿಸಿಕೊಳ್ಳುತ್ತಾರೆ. ಜ್ವರವೂ ಇದ್ದಿದ್ದರೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗಿನಿಂದ ಹರಡುವ ಮಂಗನ ಕಾಯಿಲೆಯನ್ನೂ ನೆನೆಯಬೇಕಿತ್ತು. ನಾಳೆ ಎನ್ನದೆ ಶಿವಮೊಗ್ಗಕ್ಕೆ ಕರೆದೊಯ್ದು ಸಿ.ಟಿ. ಸ್ಕ್ಯಾನ್ ಮಾಡಿಸಿ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.